ಮೂರನೇ ಫಾರಂ

ನನ್ನ ಪುಸ್ತಕದ ಹಾಳೆಗಳು ಮಂಗಳವಾರ ಬೆಳಿಗ್ಗೆ ಮೆಷಿನ್ನಿನಿಂದ ಇಳಿದು ನಮ್ಮ ಮೇಜಿಗೆ ಬಂದವು. ಬರೆದವಳು ನಾನು. ಮಡಚಬೇಕಾದವಳೂ ನಾನೇ.

ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಳೆ ಮಡಚುತ್ತಿದ್ದೇನೆ. ಮುಂದಿನ ಕೋಣೆ ಯಜಮಾನರದು, ಅಲ್ಲಿ ಫ್ಯಾನು, ಗಾಜಿನ ಬಾಗಿಲು. ನಡುವಿನ ಕೋಣೆಯಲ್ಲಿ ಮೆಷಿನ್ನು. ಹಿಂದಿನದರಲ್ಲಿ ನಾವು ನಾಲ್ವರು ಹೆಂಗಸರು, ಗೋಂದಿನ ಬಕೆಟ್ಟು, ಕತ್ತರಿಸುವ ಯಂತ್ರ, ಒಂದು ಕಿಟಕಿ. ಕಿಟಕಿ ತೆರೆಯುವಂತಿಲ್ಲ. ಗಾಳಿಗೆ ಹಾಳೆ ಹಾರುತ್ತವೆ.

ಒಂದೊಂದು ದೊಡ್ಡ ಹಾಳೆಯಲ್ಲಿ ಎರಡೂ ಮಗ್ಗುಲು ಸೇರಿ ಹದಿನಾರು ಪುಟ ಅಚ್ಚಾಗಿರುತ್ತದೆ. ಅದಕ್ಕೆ ಫಾರಂ ಅನ್ನುತ್ತೇವೆ. ಬಿಡಿಸಿಟ್ಟ ಹಾಳೆಯಲ್ಲಿ ಪುಟಗಳು ಸಾಲಾಗಿ ಇರುವುದಿಲ್ಲ. ಒಂದರ ಪಕ್ಕ ಹದಿನಾರು. ಒಂದರ ತಲೆಗೆ ತಲೆ ತಾಗಿಸಿಕೊಂಡು ಎಂಟು, ಅದೂ ತಲೆಕೆಳಗಾಗಿ. ಮೂರು ಸಲ ಮಡಚಿದರೆ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಮಡಚಿದ ಕಡೆ ಹೆಬ್ಬೆರಳ ಉಗುರಿನಿಂದ ಒತ್ತಿ ಎಳೆಯಬೇಕು. ದಿನಕ್ಕೆ ಎರಡು ಸಾವಿರ ಸಲ ಎಳೆದರೆ ಉಗುರು ಸವೆದು ಚಪ್ಪಟೆಯಾಗುತ್ತದೆ. ನನ್ನ ಬಲಗೈ ಹೆಬ್ಬೆರಳಿಗೆ ಉಗುರು ಬೆಳೆದು ಯಾವ ಕಾಲವಾಯಿತೋ. ಹಾಳೆಯ ಅಂಚು ಬೆರಳ ಸಂದು ಕೊಯ್ಯುತ್ತದೆ. ರಕ್ತ ಬಂದರೆ ಹಾಳೆಗೆ ತಾಗದಂತೆ ಬಾಯಲ್ಲಿ ಇಟ್ಟುಕೊಳ್ಳಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂದು ಸ್ಟೂಲು ಕೊಡುವುದಿಲ್ಲ. ಸಂಜೆ ಹೊತ್ತಿಗೆ ಕಾಲು ಬೇರೆಯವರದು ಅನ್ನಿಸುತ್ತದೆ.

ಓದುವುದನ್ನು ನಾನು ಕಲಿತದ್ದು ಆ ಮೇಜಿನ ಮೇಲೆ. ಊರಲ್ಲಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬೇರೆಯವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ. ಇಲ್ಲಿಗೆ ಬಂದಾಗ ಪುಟದ ಅಂಕಿ ನೋಡಲು ಮಾತ್ರ ಹೇಳಿಕೊಟ್ಟರು. ಅಂಕಿಯಿಂದ ಅಕ್ಷರಕ್ಕೆ ಬರಲು ನನಗೆ ಆರು ವರ್ಷ ಹಿಡಿಯಿತು. ಅಚ್ಚು ಕೆಟ್ಟ ಹಾಳೆಗಳಲ್ಲಿ ಒಂದು, ಹದಿನಾರು, ಹದಿಮೂರು, ನಾಲ್ಕು, ಹೀಗೆ ಓದಿಕೊಂಡೆ. ಕಥೆಯ ಮೊದಲು ಓದಿದ ಮೇಲೆ ಕೊನೆ ಬರುತ್ತಿತ್ತು, ಆಮೇಲೆ ನಡು. ತಲೆಕೆಳಗಾದ ಅಕ್ಷರ ನನಗೆ ನೆಟ್ಟಗಿನದರಷ್ಟೇ ಸಲೀಸು. "ಓದೋಕೆ ಇಟ್ಕೊಂಡಿಲ್ಲ ನಿಮ್ಮನ್ನ. ಅಂಕಿ ನೋಡಿ, ಮಡಚಿ" ಎಂದು ಯಜಮಾನರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಆಗೆಲ್ಲ ಅಂಕಿ ನೋಡುವವಳ ಹಾಗೆ ತಲೆ ಬಗ್ಗಿಸುತ್ತಿದ್ದೆ.

ಬರೆಯಬೇಕು ಅನ್ನಿಸಿದ್ದು ಗೋಂದಕ್ಕನಿಗೆ ಕೈ ಹೋದ ಮೇಲೆ. ಮೂರು ವರ್ಷವಾಯಿತು.

ಗೋಂದಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ಸೇರಿದ ಮೊದಲ ದಿನ ಮಡಚುವುದನ್ನು ಹೇಳಿಕೊಟ್ಟವಳು. ಆಮೇಲೆ ಗೋಂದು ಬಳಿಯುವ ಕೆಲಸಕ್ಕೆ ಹೋದಳು, ಹೆಸರು ಅದೇ ಆಯಿತು. ಶಾಲೆ ಪುಸ್ತಕಗಳ ತರಾತುರಿಯಲ್ಲಿ, ಯಂತ್ರ ನೋಡಿಕೊಳ್ಳುವ ಕಟಿಂಗಣ್ಣ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದಾಗ, ಯಜಮಾನರು ಅವಳನ್ನು ಯಂತ್ರದ ಮುಂದೆ ನಿಲ್ಲಿಸಿದರು. ಅಲ್ಲಿ ನಡೆದದ್ದನ್ನು ನಾನು ಮೂರು ಗಜ ದೂರದಿಂದ ನೋಡಿದೆ. ನೋಡಿದ್ದನ್ನು ಯಾರೂ ಕೇಳಲಿಲ್ಲ.

ಮೂಲೆ ಹರಿದು ಮೆಷಿನ್ನಿಗೆ ಹೋಗದ ಖಾಲಿ ಹಾಳೆಗಳನ್ನು ಮನೆಗೆ ತಂದೆ. ಭಾನುವಾರ ಮಧ್ಯಾಹ್ನ ನೆಲದ ಮೇಲೆ ಹರಡಿ ಬರೆದೆ. ನನಗೆ ಗೊತ್ತಿದ್ದದ್ದು ಒಂದೇ ರೀತಿ. ಹಾಳೆ ಮಡಚಿ, ಮೂಲೆಗಳಿಗೆ ಅಂಕಿ ಹಾಕಿ, ಮತ್ತೆ ಬಿಡಿಸಿದೆ. ಒಂದನೇ ಪುಟ ಬರೆದೆ. ಹಾಳೆ ಮಗುಚಿ ಎರಡನೆಯದು. ಎಂಟನೆಯದು ಬಂದಾಗ ಹಾಳೆಯ ಆಚೆ ತುದಿಗೆ ಹೋಗಿ ಕೂತು ತಲೆಕೆಳಗಾಗಿ ಬರೆದೆ. ಪುಸ್ತಕ ಬರೆಯುವವರೆಲ್ಲ ಹೀಗೆಯೇ ಬರೆಯುತ್ತಾರೆ ಎಂದುಕೊಂಡಿದ್ದೆ. ಅದಕ್ಕೇ ಅವರಿಗೆ ಅಷ್ಟು ದೊಡ್ಡ ಹೆಸರು ಎಂದೂ ಅಂದುಕೊಂಡಿದ್ದೆ. ಮುಗಿಯುವಾಗ ಏಳು ಫಾರಂ ಆಗಿತ್ತು. ಮೊದಲ ಪುಟದಲ್ಲಿ 'ಎರಡನೇ ಗುಂಡಿ' ಎಂದು ಹೆಸರಿಟ್ಟೆ.

ನಮ್ಮ ಮುದ್ರಣಾಲಯಕ್ಕೆ ಕರಡು ತಿದ್ದಲು ಬರುವ ಒಬ್ಬರು ಇದ್ದರು. ಜೇಬಲ್ಲಿ ಸದಾ ಕೆಂಪು ಪೆನ್ನು. ನಮ್ಮ ಕೋಣೆಯಲ್ಲಿ ಅವರನ್ನು ಕೆಂಪು ಪೆನ್ನಿನ ಸಾರ್ ಎನ್ನುತ್ತಿದ್ದೆವು. ಅವರಿಗೆ ಕೊಟ್ಟೆ. ಮರುದಿನ ಮುಂದಿನ ಕೋಣೆಯಿಂದ ನಗು ಕೇಳಿತು. ನನ್ನನ್ನು ಕರೆಸಿದರು.

"ಏನಮ್ಮಾ ಇದು? ಓದೋಕೆ ನಾನು ಶೀರ್ಷಾಸನ ಹಾಕ್ಬೇಕಾ?"

ಯಜಮಾನರೂ ನಕ್ಕರು. ನಾನು ಹಾಳೆ ತೆಗೆದುಕೊಂಡು ಅವರ ಮೇಜಿನ ಮೇಲೇ ಮೂರು ಮಡಿಕೆ ಹಾಕಿ, ಅಂಚು ಸೀಳಿ, ಕೈಗೆ ಕೊಟ್ಟೆ. ಸಾರ್ ಪುಟ ತಿರುವಿದರು. ಒಂದು, ಎರಡು, ಮೂರು. ನಗು ನಿಂತಿತು.

ಒಂದು ವಾರವಾದ ಮೇಲೆ ಅವರು ಯಜಮಾನರಿಗೆ ಹೇಳಿದರಂತೆ: ನಿಮ್ಮದೇ ಕಾರ್ಖಾನೆಯ ಹೆಂಗಸು, ನಿಮ್ಮದೇ ಪ್ರಕಾಶನ, ಪತ್ರಿಕೆಯವರು ಸಾಲುಗಟ್ಟಿ ಬರುತ್ತಾರೆ. ಯಜಮಾನರು ಓದಲಿಲ್ಲ. ಆಗಲಿ ಅಂದರು.

ಆಮೇಲೆ ನಾಲ್ಕು ತಿಂಗಳು ನನ್ನ ಬರಹವನ್ನು ಪ್ರಕಟಣೆಗೆ ಸಿದ್ಧ ಮಾಡಿದರು. ವಾರಕ್ಕೊಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ, ಗಾಜಿನ ಬಾಗಿಲ ಒಳಗೆ. ಮೊದಲ ದಿನ ಸಾರ್ ಕುರ್ಚಿ ತೋರಿಸಿದರು. "ಕುರ್ಚಿ ಬೇಡ ಸಾರ್, ಗೋಂದು ಹತ್ತುತ್ತೆ" ಎಂದರು ಯಜಮಾನರು. ಕಾಗದದ ಕಟ್ಟಿನ ಮೇಲೆ ಕೂತೆ.

"ಇಲ್ಲಿ ಸ್ವಲ್ಪ ಹಸಿವು ಬೇಕಮ್ಮಾ. ನೀವು ಹಸಿವನ್ನ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಿ."

"ಆವತ್ತು ಅಷ್ಟೇ ಇತ್ತು ಸಾರ್. ಸಂಜೆಗೆ ಊಟ ಸಿಕ್ಕಿತ್ತು."

"ಓದುಗರಿಗೆ ಸಾಕಾಗಲ್ಲ."

ಹಸಿವು ಎರಡು ಪುಟವಾಯಿತು. ಊರಿನ ಕೆರೆಯಲ್ಲಿ ಹೂ ಅರಳಿದವು. ನಮ್ಮ ಊರಿನ ಕೆರೆಯಲ್ಲಿ ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಗಂಡ ಸತ್ತದ್ದನ್ನು ನಾನು ಎರಡು ಮಾತಿನಲ್ಲಿ ಬರೆದಿದ್ದೆ, ಅವರು ಅದಕ್ಕೆ ಒಂದು ಸಂಜೆಯನ್ನೂ ಒಂದು ಹಕ್ಕಿಯನ್ನೂ ಸೇರಿಸಿದರು. ಕೊನೆಗೆ ಪುಸ್ತಕದ ಹೆಸರೂ ಬದಲಾಯಿತು: 'ಹಾಳೆಗಳ ನಡುವೆ ಅರಳಿದ ಹೂ'. ಎಲ್ಲಕ್ಕೂ ಹೂಂ ಅಂದೆ. ನಾನು ದಣಿದಿದ್ದೆ. ಬೆಳಿಗ್ಗೆಯಿಂದ ನಿಂತವಳಿಗೆ ಆ ಕಾಗದದ ಕಟ್ಟಿನ ಮೇಲೆ ಅರ್ಧ ಗಂಟೆ ಕೂರುವುದೇ ಸುಖವಾಗಿತ್ತು. ನಡುವೆ ಎರಡು ಸಲ ತೂಕಡಿಸಿದೆ.

ಒಂದನ್ನು ಮಾತ್ರ ಕೇಳಿಕೊಂಡೆ. "ಸಾರ್, ಗೋಂದಕ್ಕನ ಪುಟ ಮುಟ್ಟಬೇಡಿ."

"ಮುಟ್ತೀನಾ? ಅದು ಪುಸ್ತಕದ ಜೀವ ಅಲ್ವೇನಮ್ಮಾ" ಎಂದರು. ಕರಡು ಬಂದಾಗ ಮೊದಲು ಅದನ್ನೇ ನೋಡಿದೆ. ನಲವತ್ತೊಂದನೇ ಪುಟ. ನಾನು ಬರೆದ ಹಾಗೇ ಇತ್ತು. ಕೆಳಗೆ ನನ್ನ ಹೆಸರು ಬರೆದು ಕೊಟ್ಟೆ.

ಅದಾದ ಮೇಲೆ ಇನ್ನೊಂದು ಕರಡು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನನಗೆ ತೋರಿಸಬೇಕು ಎಂದು ಕೇಳಲು ಗೊತ್ತಿರಲಿಲ್ಲ.

ಮಂಗಳವಾರ ಮೂರನೇ ಫಾರಂ ಎತ್ತಿಕೊಂಡಾಗ ಹಾಳೆ ಮಗುಚಿ ನೋಡಿದೆ. ನಲವತ್ತೊಂದು ಎಲ್ಲಿ ಕೂತಿರುತ್ತದೆ ಎಂದು ನನ್ನ ಕಣ್ಣಿಗೆ ಹೇಳಿಕೊಡಬೇಕಿಲ್ಲ. ಮೇಲಿನ ಸಾಲು, ನಲವತ್ತೆಂಟರ ತಲೆಗೆ ತಲೆ ತಾಗಿಸಿಕೊಂಡು, ತಲೆಕೆಳಗಾಗಿ. ಓದಿದೆ.

'ಅಂದು ವಿಧಿಯೇ ಯಂತ್ರದ ರೂಪ ತಾಳಿ ಬಂದಿತ್ತು. ಒಂದು ಕ್ಷಣದ ಮೈಮರೆವು, ಅಷ್ಟೇ. ಅಕ್ಕನ ಬೆರಳುಗಳು ಹೂವಿನ ಎಸಳುಗಳಂತೆ ಉದುರಿದವು. ತಂದೆಯಂತಿದ್ದ ಯಜಮಾನರ ಕಣ್ಣಲ್ಲೂ ಅಂದು ನೀರು ತುಂಬಿತ್ತು.'

ನಾನು ಬರೆದದ್ದು ಹೀಗಿತ್ತು:

'ಯಂತ್ರಕ್ಕೆ ಎರಡು ಗುಂಡಿ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಕತ್ತಿ ಇಳಿಯುತ್ತದೆ. ಕೈ ಕತ್ತಿಯ ಕೆಳಗೆ ಹೋಗಬಾರದು ಎಂದು ಹಾಗೆ ಮಾಡಿದ್ದಾರೆ. ಬಲಗಡೆ ಗುಂಡಿ ಒತ್ತಿಕೊಂಡೇ ಇರುವ ಹಾಗೆ ಯಜಮಾನರು ಅದಕ್ಕೆ ಮರದ ಚಕ್ಕೆ ತುರುಕಿದರು. ಬಲಗೈ ಬಿಡುವಾಯಿತು. ಆ ಕೈಯಲ್ಲಿ ಹಾಳೆ ತಳ್ಳು, ಕೆಲಸ ಬೇಗ ಆಗುತ್ತದೆ ಅಂದರು. ಅಕ್ಕ ಬೆಳಿಗ್ಗೆಯಿಂದ ತಳ್ಳಿದಳು. ಮಧ್ಯಾಹ್ನ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ವಿಚಾರಣೆಯವರು ಬರುವ ಮೊದಲು ಚಕ್ಕೆ ತೆಗೆದರು. ತೆಗೆದದ್ದು ನಾನು ನೋಡಿದೆ. ಅಕ್ಕನದೇ ತಪ್ಪು ಎಂದು ಕಾಗದ ಬರೆದು, ಉಳಿದ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು.'

ಕೈಯಲ್ಲಿದ್ದ ಹಾಳೆ ಕೆಳಗಿಟ್ಟೆ. ಮುಂದಿನ ಕೋಣೆಗೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಕರೆಯದೆ ಆ ಬಾಗಿಲು ತಳ್ಳಿದ್ದು ಅದೇ ಮೊದಲು.

"ಓ, ಲೇಖಕಿಯವರು ಬಂದ್ರು" ಎಂದರು ಕೆಂಪು ಪೆನ್ನಿನ ಸಾರ್.

"ನಲವತ್ತೊಂದನೇ ಪುಟ ನಾನು ಬರೆದದ್ದಲ್ಲ ಸಾರ್."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಯಜಮಾನರ ಮುಖ ನೋಡಿದರು.

ಯಜಮಾನರು ಕೂತಲ್ಲಿಂದ ಹೇಳಿದರು. "ಬರೆದದ್ದು ನೀನೇ. ಸಾರ್ ಸ್ವಲ್ಪ ಒಪ್ಪ ಮಾಡಿದಾರೆ. ಅಕ್ಕಿ ಆರಿಸಿದ ಹಾಗೆ."

"ಚಕ್ಕೆ ಎಲ್ಲಿ ಹೋಯ್ತು?"

"ಯಾವ ಚಕ್ಕೆ?"

"ನೀವು ತುರುಕಿದ್ದು. ಆಮೇಲೆ ನೀವೇ ತೆಗೆದದ್ದು."

ಫ್ಯಾನು ತಿರುಗುತ್ತಿತ್ತು. ಸಾರ್ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು: "ನೋಡಿಯಮ್ಮಾ, ಸಾಹಿತ್ಯ ಅಂದ್ರೆ ದೂರು ಅರ್ಜಿ ಅಲ್ಲ. ಯಾರನ್ನೂ ನೋಯಿಸದೆ ಹೇಳೋದೇ ಕಲೆ."

"ನೊಂದವಳು ಆಗಲೇ ನೊಂದಾಯ್ತಲ್ಲ ಸಾರ್. ಇನ್ಯಾರು ಉಳಿದ್ರು?"

"ಬಾಯಿ ಉದ್ದ ಆಯ್ತು" ಎಂದರು ಯಜಮಾನರು. "ನಿನ್ನಂಥವಳ ಪುಸ್ತಕ ಯಾರು ಮಾಡ್ತಾರೆ? ನಾನು ಮಾಡಿದೀನಿ. ಕೃತಜ್ಞತೆ ಬೇಡ್ವಾ?"

"ಯಜಮಾನ್ರೇ, ನಿಮ್ಮ ಕಣ್ಣಲ್ಲಿ ನೀರಿತ್ತು ಅಂತ ಅದರಲ್ಲಿದೆ. ಇರಲಿಲ್ಲ. ಅಕ್ಕ ನೆಲದ ಮೇಲೆ ಬಿದ್ದಿದ್ಲು. ನೀವು ಮೊದಲು ಹಾಳೆ ಎತ್ತಿಸಿದ್ರಿ. ರಕ್ತ ತಾಗಿದ್ದು ಒಂದು ಕಡೆ, ತಾಗದೇ ಇದ್ದದ್ದು ಒಂದು ಕಡೆ. ಎತ್ತಿದವಳು ನಾನೇ."

ಅವರು ಎದ್ದು ನಿಂತರು. "ಬರೆಯೋದು ಮುಗೀತು. ಈಗ ನಿನ್ನ ಕೆಲಸ ಮಡಚೋದು. ಹೋಗಿ ಮಡಚು."

"ಮಡಚಲ್ಲ."

ಆ ಒಂದು ಮಾತು ನನ್ನ ಬಾಯಿಂದ ಬಂದಾಗ ನನಗೆ ಧೈರ್ಯವೇನೂ ಅನ್ನಿಸಲಿಲ್ಲ. ಇನ್ನೊಂದು ಹಾಳೆ ಎತ್ತಲು ನನ್ನಲ್ಲಿ ತ್ರಾಣ ಉಳಿದಿಲ್ಲ ಅನ್ನಿಸಿತು. ಅಷ್ಟೇ.

ಅವರು ನನ್ನನ್ನು ಆಗಲೇ ಹೊರಗೆ ಹಾಕಲಿಲ್ಲ. ಭಾನುವಾರ ಬಿಡುಗಡೆ ಸಮಾರಂಭ, ಪತ್ರಿಕೆಯವರು ಕೋಣೆ ನೋಡಲು ಬರುವವರಿದ್ದರು. "ಭಾನುವಾರದವರೆಗೆ ಮೂಲೆಯಲ್ಲಿ ಬಿದ್ದಿರು. ಆಮೇಲೆ ನೋಡ್ಕೋತೀನಿ" ಎಂದರು.

ಹಿಂದಿನ ಕೋಣೆಗೆ ಬಂದು ಗೋಡೆಗೆ ಒರಗಿ ಕಾಗದದ ಕಟ್ಟಿನ ಮೇಲೆ ಕೂತೆ. ಮೂರು ಜೊತೆ ಕಣ್ಣು ನನ್ನನ್ನು ನೋಡಿದವು. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ, ಕಿವಿ ಸ್ವಲ್ಪ ದೂರ. ಗೋಂದಕ್ಕನ ಜಾಗಕ್ಕೆ ಬಂದು ಮೂರು ವರ್ಷವಾದರೂ ಹೊಸಬಳು ಅನ್ನಿಸಿಕೊಳ್ಳುವ ಒಬ್ಬಳು. ಮತ್ತೆ ನನ್ನ ನಾದಿನಿ. ನನ್ನ ಗಂಡನ ತಂಗಿ, ನಾನೇ ಕರೆದುಕೊಂಡು ಬಂದು ಕೆಲಸಕ್ಕೆ ಹಚ್ಚಿದವಳು.

ನಲವತ್ತೊಂದನೇ ಪುಟವನ್ನು ಅವರಿಗೆ ಓದಿ ಹೇಳಿದೆ. ಮೊದಲು ಅಚ್ಚಾದದ್ದು. ಆಮೇಲೆ ನಾನು ಬರೆದದ್ದು, ಬಾಯಿಪಾಠ. ದೊಡ್ಡಮ್ಮನ ಕಿವಿಗೆ ಬೀಳಲೆಂದು ಜೋರಾಗಿ ಓದಬೇಕಾಯಿತು.

"ಹೂವಿನ ಎಸಳಂತಾ?" ಎಂದಳು ಹೊಸಬಳು.

ನಾದಿನಿ ಮಾತ್ರ ಸಿಡಿದಳು. "ಅತ್ತಿಗೆ, ನೀನೇನೋ ಮಡಚಲ್ಲ ಅಂತ ಬಂದೆ. ನಿನ್ನ ಪಾಲಿಂದು ಯಾರು ಮಡಚ್ತಾರೆ? ನಾವು. ನಿನಗೆ ಪುಸ್ತಕ, ನಮಗೆ ಬೆನ್ನುನೋವು. ಚೆನ್ನಾಗಿದೆ ನಿನ್ನ ನ್ಯಾಯ."

"ಮಡಚಿ ಅಂತ ನಾನು ಹೇಳಿದೆನಾ?"

"ಮಡಚಬೇಡಿ ಅಂತಾನೂ ಹೇಳಿಲ್ಲ. ಹೇಳು ನೋಡೋಣ. ನನ್ನ ಮಕ್ಕಳ ಮುಖ ನೋಡಿ ಹೇಳು."

ಹೇಗೆ ಹೇಳಲಿ? ನನಗೆ ಇನ್ನು ಯಾರೂ ಇಲ್ಲ. ಅವಳಿಗೆ ಇಬ್ಬರಿದ್ದಾರೆ.

ಅವರು ಮಡಚಿದರು. ಮಂಗಳವಾರ, ಬುಧವಾರ. ನನ್ನ ಕೈ ಮಾತ್ರ ಸುಮ್ಮನಿರಲಿಲ್ಲ. ತೊಡೆಯ ಮೇಲಿನ ಬಟ್ಟೆಯನ್ನೇ ಮಡಚುತ್ತಿತ್ತು, ಬಿಡಿಸುತ್ತಿತ್ತು. ಕೂತಿರುವುದು ಇಷ್ಟು ದಣಿವಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನಾದಿನಿ ನನ್ನತ್ತ ನೋಡದೆ, ಒಂದೊಂದು ಮಡಿಕೆಯನ್ನೂ ನನ್ನ ಕೆನ್ನೆಗೆ ಹೊಡೆದ ಹಾಗೆ ಎಳೆಯುತ್ತಿದ್ದಳು.

ಗುರುವಾರ ಜೋಡಿಸುವ ಕೆಲಸ. ಉದ್ದನೆಯ ಮೇಜಿನ ಮೇಲೆ ಏಳು ರಾಶಿ, ಒಂದೊಂದು ಫಾರಮ್ಮಿಗೆ ಒಂದೊಂದು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಮೇಜಿನ ಸುತ್ತ ನಡೆಯಬೇಕು. ಪ್ರತಿ ರಾಶಿಯಿಂದ ಒಂದು ಎತ್ತಿ, ಕೈಯಲ್ಲಿದ್ದುದರ ಕೆಳಗೆ ಸೇರಿಸಬೇಕು. ಏಳು ಎತ್ತಿದರೆ ಒಂದು ಪುಸ್ತಕ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ದಿನವೆಲ್ಲ ಅದೇ ನಡಿಗೆ.

ಮೊದಲು ದೊಡ್ಡಮ್ಮ ನಡೆದಳು. ಒಂದು ಎತ್ತಿದಳು. ಎರಡು ಎತ್ತಿದಳು. ಮೂರನೇ ರಾಶಿಯ ಮುಂದೆ ಬಂದಾಗ ಕೈ ಕೆಳಗಿಳಿಯಲಿಲ್ಲ. ನಡೆದುಬಿಟ್ಟಳು. ನಾಲ್ಕು ಎತ್ತಿದಳು. ಮುಖದಲ್ಲಿ ಏನೂ ಇರಲಿಲ್ಲ. ವಯಸ್ಸಾದವಳು, ಮರೆತಿರಬೇಕು ಎಂದುಕೊಂಡೆ. ಎರಡನೇ ಸುತ್ತಿನಲ್ಲೂ ಹಾಗೇ ಮಾಡಿದಳು.

ಅವಳ ಹಿಂದೆ ನಾದಿನಿ. ಮೂರನೇ ರಾಶಿಯ ಮೇಲೆ ಕೈ ಇಟ್ಟಳು. ನಿಂತಳು. ಹಿಂದಿದ್ದ ಹೊಸಬಳು ಅವಳ ಬೆನ್ನಿಗೆ ತಾಗಿ ನಿಂತಳು. ನಾದಿನಿ ನನ್ನತ್ತ ತಿರುಗಿ ನೋಡಿದಳು. ಆ ಕಣ್ಣಲ್ಲಿ ಪ್ರೀತಿ ಇರಲಿಲ್ಲ, ಸಿಟ್ಟಿತ್ತು.

"ದೊಡ್ಡಮ್ಮಾ, ಒಂದು ಬಿಟ್ರಿ" ಎಂದಳು.

"ಆಂ?"

"ಒಂದು ಬಿಟ್ರಿ ಅಂದೆ!"

"ಕಿವಿ ಕೇಳ್ಸಲ್ಲ ಕಣೆ ನನಗೆ" ಎಂದಳು ದೊಡ್ಡಮ್ಮ, ಐದನೆಯದನ್ನು ಎತ್ತುತ್ತ.

ನಾದಿನಿ ರಾಶಿಯ ಮೇಲಿಟ್ಟ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ನಾಲ್ಕನೆಯದಕ್ಕೆ ಹೋದಳು. ಹೊಸಬಳೂ ಹೋದಳು. ಸಂಜೆಯವರೆಗೆ ಮೂವರೂ ನಡೆದರು. ಆರು ರಾಶಿ ಕರಗಿದವು. ಮೂರನೆಯದು ಹಾಗೇ ನಿಂತಿತ್ತು. ಕೊನೆಗೆ ನಾದಿನಿ ಅದನ್ನು ನೆಲಕ್ಕಿಳಿಸಿ, ಕಾಲಲ್ಲಿ ಒದ್ದು ಒದ್ದು ಮೇಜಿನ ಕೆಳಗೆ ತಳ್ಳಿ, ಮೇಲೆ ಕಾಗದದ ಚೂರಿನ ಚೀಲ ಎಳೆದಳು.

ಪುಸ್ತಕದ ಬೆನ್ನು ಸಮ ಮಾಡಿ ಅಂಟಿಗೆ ಕೊಡುವವನು ಕಟಿಂಗಣ್ಣ. ಪ್ರತಿ ಫಾರಮ್ಮಿನ ಬೆನ್ನಿಗೆ ಒಂದು ಕಪ್ಪು ಗುರುತಿರುತ್ತದೆ. ಸರಿಯಾಗಿ ಜೋಡಿಸಿದ್ದರೆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಇಪ್ಪತ್ತು ಪುಸ್ತಕದ ಕಟ್ಟನ್ನು ಕೈಗೆತ್ತಿಕೊಂಡು ನೋಡಿದ. ಎಲ್ಲದರಲ್ಲೂ ಮೂರನೇ ಮೆಟ್ಟಿಲು ಇರಲಿಲ್ಲ. ಹೆಬ್ಬೆರಳಿನಿಂದ ಆ ಖಾಲಿ ಜಾಗ ಮುಟ್ಟಿದ. ಮೇಜಿನ ಕೆಳಗೆ ನೋಡಿದ. ಕತ್ತರಿಸುವ ಯಂತ್ರದ ಬಲಗಡೆ ಗುಂಡಿ ನೋಡಿದ. ಚಕ್ಕೆ ತುರುಕಿದಲ್ಲಿ ಬಣ್ಣ ಕಿತ್ತುಹೋದದ್ದು ಈಗಲೂ ಕಾಣುತ್ತದೆ.

"ಗೋಂದು ಗಟ್ಟಿಯಾಗ್ತಿದೆ. ಬೇಗ ಬಳಿ" ಎಂದ ಹೊಸಬಳಿಗೆ.

ಹೂವಿನ ಚಿತ್ರದ ರಕ್ಷಾಪುಟ ಬೆನ್ನು ಮುಚ್ಚಿತು.

ಭಾನುವಾರ ನಾನು ಹೋಗಲಿಲ್ಲ. ನಡೆದದ್ದನ್ನು ನಾದಿನಿ ಬಂದು ಹೇಳಿದಳು. ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ.

"ವೇದಿಕೆ ಮೇಲೆ ನಿನ್ನ ಕುರ್ಚಿ ಖಾಲಿ. ಲೇಖಕಿಗೆ ಜ್ವರ ಅಂದ್ರು. ಇನ್ನೂರು ಪುಸ್ತಕ ಜನರ ಕೈಗೆ ಹೋಗಿತ್ತು ಆಗಲೇ. ಕೆಂಪು ಪೆನ್ನು ಎದ್ದು, ಕನ್ನಡಕ ಹಾಕ್ಕೊಂಡು, ಹೃದಯ ಕಲಕೋ ಭಾಗ ಓದ್ತೀನಿ ಅಂತು. ಮೂವತ್ತೆರಡನೇ ಪುಟ. 'ಅಂದು ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟಳು, ಆಗ' ಅಂತ ಓದಿ ಪಕ್ಕದ ಪುಟ ನೋಡಿದ್ರೆ ನಲವತ್ತೊಂಬತ್ತು! ನಿನ್ನ ಗಂಡನ ಹಕ್ಕಿ ಹಾರ್ತಿದೆ! ಹಿಂದೆ ತಿರುವ್ತಾರೆ, ಮುಂದೆ ತಿರುವ್ತಾರೆ, ನಾಲಿಗೆಗೆ ಬೆರಳು ಹಚ್ಚಿ ಹಚ್ಚಿ ತಿರುವ್ತಾರೆ. ಜನ ಎಲ್ಲ ತಮ್ಮ ತಮ್ಮ ಪುಸ್ತಕ ತೆಗೆದು ಹುಡುಕೋಕೆ ಶುರು ಮಾಡಿದ್ರು."

"ಯಜಮಾನ್ರು?"

"ಸಭೆ ಮುಗಿದ ಮೇಲೆ ನಮ್ಮನ್ನ ಸಾಲಾಗಿ ನಿಲ್ಲಿಸಿ ಕೂಗಿದ್ರು. ಹದಿನಾರು ಪುಟ ಇಲ್ಲ ಅನ್ನೋದು ಕಣ್ಣಿಗೆ ಕಾಣಲಿಲ್ವಾ ಅಂತ. ದೊಡ್ಡಮ್ಮ ಏನಂದ್ಲು ಗೊತ್ತಾ? 'ನಮಗೇನು ಗೊತ್ತಾಗುತ್ತೆ ಯಜಮಾನ್ರೇ, ಓದೋಕೆ ಇಟ್ಕೊಂಡಿಲ್ಲ ಅಂದಿದ್ರಲ್ಲ' ಅಂದ್ಲು."

ನಾದಿನಿ ನಕ್ಕಳು. ನಗುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಆಮೇಲೆ ಅತ್ತಳು. ದೊಡ್ಡಮ್ಮನನ್ನು ಬಿಡಿಸಿದ್ದರು. ನನ್ನನ್ನೂ. ಅವಳನ್ನೂ ಹೊಸಬಳನ್ನೂ ಇಟ್ಟುಕೊಂಡಿದ್ದರು. ನಾಲ್ವರನ್ನೂ ಬಿಡಿಸಿದರೆ ಶಾಲೆ ಪುಸ್ತಕ ಮಡಚುವವರಿಲ್ಲ. ಉಳಿದ ಪ್ರತಿಗಳನ್ನು ಗೋದಾಮಿಗೆ ಹಾಕಿ ಬೀಗ ಜಡಿದರು.

ಈಗ ನಾನು ಗೋಂದಕ್ಕನ ಮನೆಯಲ್ಲಿರುತ್ತೇನೆ. ಮುದ್ರಣಾಲಯದಿಂದ ಎರಡು ಬೀದಿ ಆಚೆ, ಒಂದು ಕೋಣೆ. ಬೆಳಿಗ್ಗೆ ತರಕಾರಿ ಗೋದಾಮಿನಲ್ಲಿ ಈರುಳ್ಳಿ ಆರಿಸಲು ಹೋಗುತ್ತೇನೆ. ಕೂತು ಮಾಡುವ ಕೆಲಸ. ಕಣ್ಣು ಉರಿಯುತ್ತದೆ, ಅಷ್ಟೇ.

ಮೊದಲ ಬಾರಿ ಬಾಗಿಲು ತಟ್ಟಿದವರು ಒಬ್ಬ ನರ್ಸಮ್ಮ. ಕೈಯಲ್ಲಿ ಹೂವಿನ ಪುಸ್ತಕ. ಪುಟ ಇಲ್ಲವೆಂದು ಮುದ್ರಣಾಲಯಕ್ಕೆ ಹೋಗಿದ್ದರಂತೆ. ಮುಂದಿನ ಕೋಣೆಯವರು ಗೊತ್ತಿಲ್ಲ ಅಂದರಂತೆ. ಹೊರಗೆ ಬರುವಾಗ ಒಬ್ಬ ಗಂಡಸು ಹಿಂದಿನಿಂದ ಬಂದು, ಈ ಬೀದಿ, ಈ ಬಾಗಿಲು, ಅಲ್ಲಿ ಸಿಗುತ್ತದೆ ಎಂದು ಹೇಳಿ ಒಳಗೆ ಹೋದನಂತೆ. ಅವನ ಬಟ್ಟೆ ತುಂಬ ಕಾಗದದ ಚೂರು ಇತ್ತಂತೆ.

ನಾಡಿದ್ದು ಬನ್ನಿ ಅಂದೆ.

ಹಾಳೆ ನೆಲದ ಮೇಲೆ ಹರಡಿದೆ. ಮಡಚಿ, ಅಂಕಿ ಹಾಕಿ, ಬಿಡಿಸಿ, ಮೂವತ್ಮೂರರಿಂದ ಬರೆಯಲು ಕೂತೆ. ಗೋಂದಕ್ಕ ಗೋಡೆಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಅಂಕಿ ಬಿಟ್ಟರೆ ಅಕ್ಷರ ಗೊತ್ತಿಲ್ಲ.

"ನಲವತ್ತೊಂದಕ್ಕೆ ಬಂದ್ಯಾ?"

"ಬಂದೆ ಅಕ್ಕ."

"ಚಕ್ಕೆ ಯಾವ ಮರದ್ದು ಅಂತ ಬರೆದಿದೀಯಾ?"

"ಇಲ್ಲ. ಯಾವ ಮರದ್ದು?"

"ಮೊದಲು ಇದ್ದ ನಮ್ಮ ಸ್ಟೂಲಿನ ಕಾಲು ಯಜಮಾನ್ರು ಮುರಿದಿದ್ರಲ್ಲ, ಕೂರಬೇಡಿ ಅಂತ. ಅದರದ್ದೇ ಚೂರು. ಬರಿ."

ಬರೆದೆ. ಯಾರೂ ಮುಟ್ಟಬಾರದು ಎಂದು ನಾನು ಕೇಳಿಕೊಂಡಿದ್ದ ಪುಟಕ್ಕೆ ಈ ಒಂದು ತಿದ್ದುಪಡಿ ಸೇರಿತು.

ಈವರೆಗೆ ಹನ್ನೊಂದು ಜನ ಬಂದಿದ್ದಾರೆ. ಒಂದು ಫಾರಂ ಕೈಯಲ್ಲಿ ಬರೆಯಲು ನನಗೆ ಎರಡು ಸಂಜೆ ಬೇಕು. ಇನ್ನೂರು ಪುಸ್ತಕ ಹೊರಗಿವೆ. ಎಲ್ಲರೂ ಬಂದರೆ ಏನು ಮಾಡಲಿ ಎಂದು ಯೋಚಿಸಿದರೆ ಕೈ ಈಗಲೇ ಸೋಲುತ್ತದೆ. ಹಾಳೆಗಳನ್ನು ನಾದಿನಿ ತರುತ್ತಾಳೆ, ಮೂಲೆ ಹರಿದವು. ತಂದು ಬಾಗಿಲ ಒಳಗೆ ಎಸೆದು, "ಹರಿದಿದ್ದು ಸಾಕಾಗ್ಲಿಲ್ಲ, ನಾನೇ ನಾಲ್ಕು ಹರಿದೆ" ಎಂದು ಹೇಳಿ ಹೋಗುತ್ತಾಳೆ.

ಬರೆದು ಮುಗಿಸಿದ ಹಾಳೆಯನ್ನು ಗೋಂದಕ್ಕನ ಮುಂದಿಡುತ್ತೇನೆ. ಮಡಚುವುದು ಅವಳ ಕೆಲಸ. ಬೇರೆಯವರು ಮುಟ್ಟುವಂತಿಲ್ಲ. ಎಡಗೈಯಲ್ಲಿ ಮೂಲೆಗೆ ಮೂಲೆ ಕೂಡಿಸುತ್ತಾಳೆ. ಬೆರಳಿಲ್ಲದ ಅಂಗೈಯನ್ನು ಹಾಳೆಯ ಮೇಲೆ ಊರುತ್ತಾಳೆ. ಅವತ್ತು ಮಸಿ ಹಚ್ಚಿ ಒತ್ತಿಸಿಕೊಂಡ ಹೆಬ್ಬೆರಳನ್ನು ಮಡಿಕೆಯ ಮೇಲಿಟ್ಟು, ಈ ತುದಿಯಿಂದ ಆ ತುದಿಯವರೆಗೆ, ಒತ್ತಿ ಎಳೆಯುತ್ತಾಳೆ.